ಕೆಂಪು ಹುಲ್ಲು

ಕೇಳಿ, ಇದೊಂದನ್ನ ಪೂರ್ತಿ ಕೇಳಿಬಿಡಿ. ಅರ್ಧಕ್ಕೆ ಎದ್ದು ಹೋಗಿ "ಬಾಣ ದ್ರೋಹಿ" ಅಂತಾನೋ "ಪೇಂಟರ್ ಕಳ್ಳ" ಅಂತಾನೋ ಊರೆಲ್ಲ ಸಾರ್ಕೊಂಡು ಬಂದೀರಾ ಮತ್ತೆ!

"ರಕ್ತ ಕಣ್ರೀ ಇದು! ರಕ್ತ ಅಲ್ದೆ ಇನ್ನೇನು?"

ಕಟಿಂಗ್ ಶಾಪಿನ ಯಜಮಾನ ಕತ್ತರಿ ತುದೀಲಿ ಬಟ್ಟೆ ತೋರಿಸ್ದ. ಅವನೇ ಅಭಿಮಾನಿ ಸಂಘದ ಅಧ್ಯಕ್ಷ, ಹಾಗಾಗಿ ಹೆಂಡ್ತಿ ಕೂಡ ಅವನನ್ನ ಅಧ್ಯಕ್ಷ ಅಂತಾನೇ ಕರೆಯೋದು. ಕುರ್ಚೀಲಿದ್ದ ಗಿರಾಕಿಗೆ ಅರ್ಧ ತಲೆ ಕಟಿಂಗ್ ಆಗಿತ್ತು, ಇನ್ನರ್ಧ ಕಾಡು. ಈ ಅಂಗಡೀಲಿ ಫುಟ್‌ಬಾಲ್ ಮಾತು ಶುರುವಾದ್ರೆ ತಲೆ ಪೂರ್ತಿ ಆಗೋದು ದೇವರ ಇಚ್ಛೆ.

ಬಟ್ಟೆ ಅಂದ್ರೆ ಹೋದ ಮ್ಯಾಚಲ್ಲಿ ಗ್ಯಾಲರಿ ಮೇಲೆ ಎತ್ತಿದ ದೊಡ್ಡ ಬ್ಯಾನರಿನ ಒಂದು ಪಟ್ಟಿ. ನಮ್ಮ ಸ್ಟ್ರೈಕರ್ ಬಾಣನ ಎದೆ ಇರೋ, ಎಲ್ಲಕ್ಕಿಂತ ಕೆಳಗಿನ ಪಟ್ಟಿ. ಅಲ್ಲಿ ಇರ್ಬೇಕಾದ್ದು ನಮ್ಮ ಕಡುಗೆಂಪು ಜೆರ್ಸಿ. ಇದ್ದಿದ್ದು ನದಿಯಾಚೆ ಟೀಮಿನ ಕಡುಹಸಿರು. ಕೆಳಗಡೆ ಅಂಚಲ್ಲಿ ಉದ್ದಕ್ಕೂ ಕೆಂಪು ಗೀಟು. ಆ ಗೀಟನ್ನೇ ಅಧ್ಯಕ್ಷ ರಕ್ತ ಅಂತಿದ್ದಿದ್ದು.

"ಹಸಿರು ಹಾಕ್ಕೊಂಡ್ರೆ ರಕ್ತ ಹರಿಯತ್ತೆ ಅಂತ ಬೆದರಿಕೆ ಇದು. ಹಾಲು ಕುಡಿಯೋ ಮಗೂಗೂ ಅರ್ಥ ಆಗತ್ತೆ. ಇಂಥದ್ದನ್ನ ಬರೆದೋನು ನಿಮ್ಮಣ್ಣ. ತಪ್ಪು ತಿಳ್ಕೋಬೇಡ ಗೀರಕ್ಕ, ಆದ್ರೆ ಬ್ರಷ್ ಹಿಡಿದೋನು ಅವನೇ ತಾನೇ?"

ಗೀರಕ್ಕ ನೆಲಕ್ಕೆ ಮಂಡಿಯೂರಿ, ಮೂಗು ಬಟ್ಟೆಗೆ ತಾಗೋ ಹಾಗೆ ಬಗ್ಗಿ ನೋಡ್ತಿದ್ಳು. ಅವಳ ಕೆಲಸಾನೇ ಅದು. ವಿಮೆ ಕಂಪನಿಗೆ ಗುದ್ದಿದ ಗಾಡಿಗಳ ಗೀರು ನೋಡಿ, ಇದು ನಿಜವಾದ ಆಕ್ಸಿಡೆಂಟಾ, ಇಲ್ಲಾ ಓನರ್ ತಾನೇ ಗೋಡೆಗೆ ಉಜ್ಜಿದ್ದಾ ಅಂತ ಹೇಳೋದು. ಅದಕ್ಕೇ ಊರೋರು ಅವಳಿಗೆ ಗೀರಕ್ಕ ಅಂತ ಹೆಸರಿಟ್ಟಿದ್ದು. ನೋಡಿ ನೋಡಿ ಅವಳಿಗೂ ಸ್ವಂತ ಹೆಸರು ಮರೆತಂಗಾಗಿತ್ತು.

ಬ್ಯಾನರ್ ಎತ್ತಿದ ದಿನದಿಂದ ಬಾಣ ಪ್ರಾಕ್ಟೀಸಿಗೆ ಬಂದಿಲ್ಲ, ಕಾಂಟ್ರಾಕ್ಟಿಗೆ ಸಹಿ ಹಾಕಿಲ್ಲ, ಅವಳ ಅಣ್ಣ ಬಾಯಿ ಬಿಟ್ಟಿಲ್ಲ.

ಬಾಯಿ ಬಿಟ್ಟಿದ್ದು ಇವತ್ತು ಬೆಳಿಗ್ಗೆ, ಅದೂ ಒಂದೇ ಮಾತಿಗೆ. "ಸಂಜೆ ಸಂಘದ ಸಭೇಲಿ ನಾನೇ ಮಾಡಿದ್ದು ಅಂತ ಒಪ್ಕೊಂಡುಬಿಡ್ತೀನಿ ಕಣೇ. ಸಾಕಾಗಿದೆ." ಹೇಳ್ತಾ ಹೇಳ್ತಾ ಚಹಾಕ್ಕೆ ಊದಿದ್ದ. ಅಣ್ಣ ಸುಳ್ಳು ಹೇಳೋವಾಗ ಚಹಾಕ್ಕೆ ಊದ್ತಾನೆ. ಇವತ್ತು ಊದಿದ್ದು ಆರಿ ತಣ್ಣಗಾದ ಚಹಾಕ್ಕೆ.

ಒಪ್ಕೊಂಡ ಅಂದ್ರೆ ಮುಗೀತು. ಸಂಘದಿಂದ ಹೊರಗೆ, ಗ್ಯಾಲರಿಯಿಂದ ಹೊರಗೆ. ಆಮೇಲೆ ಈ ಊರಲ್ಲಿ ಅವನ ಕೈಲಿ ಬೋರ್ಡ್ ಬರೆಸೋರು ಯಾರು? ಈಗಾಗ್ಲೇ ಯಾರೋ ಅಂಗಡಿ ಶಟರಿಗೆ ಕಲ್ಲು ಬೀಸಿ ಹೋಗಿದ್ರು. "ಕೈ ಮುರೀತೀವಿ" ಅಂತ ಒಬ್ಬ ಬಸ್ ಸ್ಟಾಪಲ್ಲಿ ಮುಖಕ್ಕೇ ಹೇಳಿದ್ದ. ಬ್ರಷ್ ಹಿಡಿಯೋ ಕೈ ಬಿಟ್ರೆ ಅಣ್ಣನ ಹತ್ರ ಬೇರೆ ಆಸ್ತಿ ಇಲ್ಲ.

"ಪೇಂಟರ್ ಪಾಪದೋನು. ಅವನ ಕೈಲಿ ಮಾಡ್ಸಿದ್ದು ಬಾಣನೇ!" ಬೆಂಚ್ ಮೇಲಿದ್ದ ಲೆಕ್ಕ ಬಾಯಿ ಹಾಕ್ದ. ಲೆಕ್ಕ ಬಸ್ ಕಂಡಕ್ಟರು. ಯಾರು ಯಾವ ಮ್ಯಾಚಲ್ಲಿ ಎಷ್ಟು ಪಾಸ್ ಕೊಟ್ಟ ಅನ್ನೋದೆಲ್ಲ ಟಿಕೆಟ್ ಹರಿದಂಗೆ ಹರಿದು ಕೈಗಿಡ್ತಾನೆ. "ಎಲ್ಲಾ ದುಡ್ಡಿನ ಆಟ. ಇಲ್ಲಿ ಸಹಿ ಹಾಕಲ್ಲ, ಎಳೆದಾಡಿಸ್ತಾನೆ, ಆ ಕಡೆಯವರು ರೇಟ್ ಏರಿಸ್ತಾರೆ. ಗಾಳಿ ಬಂದಾಗ ತೂರ್ಕೊಳ್ಳೋ ಜನ."

"ತೂರ್ಕೊಂಡ್ರೆ ತಪ್ಪೇನು?" ಅಂದ ಅರ್ಧತಲೆ ಗಿರಾಕಿ. "ನಿಂಗೆ ಬೇರೆ ಡಿಪೋಲಿ ಜಾಸ್ತಿ ಸಂಬಳ ಕೊಟ್ರೆ ಹೋಗಲ್ವಾ?"

"ನನ್ನ ಹೆಸರು ಬೆನ್ನ ಮೇಲೆ ಬರ್ಕೊಂಡು ಯಾರೂ ಓಡಾಡಲ್ಲಪ್ಪ!"

"ಸುಮ್ನಿರೋ ಲೆಕ್ಕ!" ಬಾಗಿಲಲ್ಲಿ ನಿಂತಿದ್ದ ಮೈಕು ಗುಡುಗಿದ್ಳು. ಲಾಂಡ್ರಿ ನಡೆಸೋ ಹೆಂಗಸು, ಗ್ಯಾಲರೀಲಿ ಘೋಷಣೆ ಶುರು ಮಾಡೋದು ಇವಳೇ, ಮೈಕಿಲ್ದೆ. "ನನ್ನ ಬಾಣ ಹಂಗಲ್ಲ. ಕತ್ತು ಕೊಯ್ದ್ರೂ ಆ ಹಸಿರು ಹಾಕ್ಕೊಳಲ್ಲ."

"ಮತ್ಯಾಕೆ ನಕ್ಕ? ಹ್ಞಾಂ? ಯಾಕೆ ನಕ್ಕ?" ಲೆಕ್ಕ ಫೋನ್ ಚಾಚಿದ.

ವಿಡಿಯೋ ಎಲ್ಲಾರೂ ನೂರು ಸಲ ನೋಡಿದ್ದೇ. ಆದ್ರೂ ಕತ್ತು ಚಾಚಿ ಮತ್ತೆ ನೋಡಿದ್ರು. ಬ್ಯಾನರ್ ಮೇಲೇಳತ್ತೆ. ಬಾಣ ತಲೆ ಎತ್ತಿ ನೋಡ್ತಾನೆ. ನಗ್ತಾನೆ. ಎದೆ ಮೇಲೆ ಕೈ ಇಟ್ಕೊಳ್ತಾನೆ. ಅಷ್ಟೊತ್ತಿಗೆ ಇಡೀ ಮೈದಾನ ಹೋ ಅಂತ ಛೀಮಾರಿ ಹಾಕತ್ತೆ. ಬಾಣ ಗೋಲ್‌ಕೀಪರ್ ಹತ್ರ ಏನೋ ಕೇಳ್ತಾನೆ, ಮುಖ ಬಿಳಿಚ್ಕೊಳತ್ತೆ, ತೋಳಿನ ಕ್ಯಾಪ್ಟನ್ ಪಟ್ಟಿ ಬಿಚ್ಚಿ ನೆಲಕ್ಕಿಟ್ಟು ಒಳಗೆ ನಡೀತಾನೆ.

"ಹಸಿರು ಜೆರ್ಸೀಲಿ ತನ್ನನ್ನೇ ನೋಡಿ ಎದೆ ಮುಟ್ಕೊಂಡ. ಒಳಗೊಳಗೇ ಡೀಲ್ ಆಗಿದೆ ಅಂತ ಬೇರೆ ಹೇಳ್ಬೇಕಾ?" ಅಂದ ಲೆಕ್ಕ. ಮೈಕು ಫೋನನ್ನ ಅವನ ಕಡೆಗೇ ತಳ್ಳಿದ್ಳು.

ಈಗ ಒಂದು ವಿಷಯ ಹೇಳ್ಬೇಕು. ಇಷ್ಟು ದೊಡ್ಡ ಬ್ಯಾನರು, ಎತ್ತೋವರೆಗೂ ಯಾರಿಗೂ ಕಾಣ್ಲಿಲ್ವಾ ಅಂತ ನೀವು ಕೇಳ್ತೀರ. ಕಾಣಲ್ಲ. ಅದರ ಪದ್ಧತೀನೇ ಹಾಗೆ. ಅಣ್ಣ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಡ್ತಾನೆ. ಸಂಘದ ಶೆಡ್ಡಲ್ಲಿ ಒಂದೊಂದು ಪಟ್ಟಿ ಒಬ್ಬೊಬ್ಬರು ಬಳೀತಾರೆ, ಮುಖ್ಯವಾದ ಎದೆ ಪಟ್ಟಿ ಅಣ್ಣನ ಪಾಲು. ಒಣಗಿದ ತಕ್ಷಣ ಬಣ್ಣ ಒಳಗೆ ಮಾಡಿ ಸುತ್ತಿಬಿಡ್ತಾರೆ, ಫೋಟೋ ಹೊರಗೆ ಹೋಗಬಾರದು ಅಂತ. ಗ್ಯಾಲರೀಲಿ ಹಿಂಬದಿಯಿಂದಾನೇ ಹಗ್ಗ ಕಟ್ಟಿ ಜೋಡಿಸೋದು. ಎತ್ತಿ ಹಿಡಿದವರಿಗೆ ಕಾಣೋದು ಬರೀ ಬಟ್ಟೆ ಬೆನ್ನು. ಇಡೀ ಮೈದಾನದಲ್ಲಿ ಬ್ಯಾನರ್ ಕಾಣ್ದೆ ಇರೋರು ಅಂದ್ರೆ ಅದನ್ನ ಹೊತ್ತೋರು ಮಾತ್ರ!

ಅದಕ್ಕೇ ಅವತ್ತು ಮೈಕು ತಾನೇ ಹೊತ್ತಿದ್ದ ಬ್ಯಾನರಿಗೆ ಜನ ಛೀ ಅಂತಿದ್ರೆ, ಬಾಣನಿಗೆ ಅಂತಿದ್ದಾರೆ ಅಂತ ತಿಳ್ಕೊಂಡು ಎದುರು ಗ್ಯಾಲರಿ ಮೇಲೆ ಜಗಳಕ್ಕೆ ನಿಂತಿದ್ದು.

"ಶೆಡ್ ಕೀ ಯಾರ್ಯಾರ ಹತ್ರ ಇತ್ತು?" ಗೀರಕ್ಕ ತಲೆ ಎತ್ತದೇ ಕೇಳಿದ್ಳು.

"ನಿಮ್ಮಣ್ಣನ ಹತ್ರ. ನನ್ನ ಹತ್ರ," ಅಂದ ಅಧ್ಯಕ್ಷ. ಆಮೇಲೆ ಲೆಕ್ಕನ ಕಡೆ ನೋಡ್ದ. "ಒಂದು ದಿನ ಇವನ ಹತ್ರಾನೂ."

ಲೆಕ್ಕ ಥಟ್ಟನೆ ಎದ್ದ. "ನಾನು ಶೆಡ್ಡಿಗೆ ಏಣಿ ತಗೊಳ್ಳೋಕೆ ಹೋಗಿದ್ದು!"

"ನಿನ್ನ ಯಾರೂ ಏನೂ ಅಂದಿಲ್ವಲ್ಲೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀಯ?" ಅಂತ ಮೈಕು ಕಿಚಾಯಿಸಿದ್ಳು. "ಬಾಣನ್ನ ಮಾರಿಬಿಡಿ ಅಂತ ವರ್ಷದಿಂದ ಬಡ್ಕೊಳ್ತಿರೋನು ನೀನೇ."

ಲೆಕ್ಕನ ಕಿವಿ ಕೆಂಪಾಯ್ತು. ಗೀರಕ್ಕ ಅವನನ್ನ ನೋಡಿದ್ಳು, ಮತ್ತೆ ಬಟ್ಟೆ ನೋಡಿದ್ಳು. ಬಾಣನಿಗೆ ಹಸಿರು ತೊಡಿಸೋಕೆ ಲೆಕ್ಕನಿಗೆ ಕಾರಣ ಇದೆ. ಸರಿ. ಆದ್ರೆ ಆ ಕೆಂಪು ಗೀಟು?

"ಮೈಕಕ್ಕ, ಇದನ್ನ ಸ್ವಲ್ಪ ಎತ್ತಿ ಹಿಡೀರಿ. ಹಾಂ, ಗೋಡೆಗೆ."

ಬಟ್ಟೆ ನೆಟ್ಟಗೆ ನಿಂತಿತು. ಗೀರಕ್ಕ ಕೆಂಪು ಗೀಟಿನ ಮೇಲೆ ಬೆರಳಾಡಿಸಿದ್ಳು. ಒಂದೊಂದು ಗೀಟೂ ಬುಡದಲ್ಲಿ ದಪ್ಪ, ಮೇಲಕ್ಕೆ ಹೋಗ್ತಾ ಸಣ್ಣ, ತುದೀಲಿ ಚೂಪು. ಕೆಲವು ಎಡಕ್ಕೆ ಬಾಗಿದ್ವು, ಕೆಲವು ಬಲಕ್ಕೆ. ಬ್ರಷ್ ಕೆಳಗಿಟ್ಟು ಮೇಲಕ್ಕೆ ಎಳೆದಿದ್ದು, ಸಾವಧಾನವಾಗಿ, ಒಂದಾದ ಮೇಲೊಂದು.

ರಕ್ತ ಮೇಲಿಂದ ಕೆಳಗೆ ಇಳಿಯತ್ತೆ. ನೆಲದಿಂದ ಮೇಲಕ್ಕೆ ಏಳೋದು ಯಾವುದು?

ಹುಲ್ಲು.

ಇದು ಹುಲ್ಲು! ಮೈದಾನದ ಹುಲ್ಲು. ಬೇಕಂತ ಅವಮಾನ ಮಾಡೋನು ಜೆರ್ಸಿಗೆ ಹಸಿರು ಬಳಿದು ಓಡಿಹೋಗ್ತಾನೆ. ಕೂತ್ಕೊಂಡು ಪ್ರೀತಿಯಿಂದ ಹುಲ್ಲಿನ ಎಳೆ ಎಳೆ ಬಿಡಿಸ್ತಾನಾ? ಅದೂ ಕೆಂಪಲ್ಲಿ? ಜೆರ್ಸಿಗೆ ಹುಲ್ಲಿನ ಬಣ್ಣ, ಹುಲ್ಲಿಗೆ ಜೆರ್ಸಿ ಬಣ್ಣ. ಎರಡು ಡಬ್ಬ ಅದಲು ಬದಲು. ಬಳಿದವನಿಗೆ ಅದು ಗೊತ್ತೇ ಆಗಿಲ್ಲ.

ಹುಟ್ಟಿದಾಗಿಂದ ಬಣ್ಣದಲ್ಲೇ ಕೈ ಅದ್ದಿರೋ ಅಣ್ಣ ಇಂಥ ತಪ್ಪು ಮಾಡ್ತಾನಾ? ಕನಸಲ್ಲೂ ಇಲ್ಲ. ಹಾಗಾದ್ರೆ ಇದು ಎಂಥ ಕಣ್ಣು?

ಹಿಂದೆ ಜಗಳ ಜೋರಾಗಿತ್ತು.

"ದ್ರೋಹ ಹೊಸದಲ್ಲ!" ಲೆಕ್ಕ ಬೆರಳು ಮಡಿಸ್ತಿದ್ದ. "ನದಿಯಾಚೆಯವರ ಜೊತೆ ಮ್ಯಾಚ್ ಇದ್ದಾಗೆಲ್ಲ ನೋಡಿ. ಬೇರೆಯವರ ಮೇಲೆ ಹುಲಿ. ಅವರ ಮೇಲೆ ಮಾತ್ರ ಇಲಿ. ಚೆಂಡು ಕಾಲಿಗೆ ಬಂದ್ರೆ ಸೀದಾ ಅವರ ಕೈಗೇ, ಅಲ್ಲ, ಕಾಲಿಗೇ ಕೊಡ್ತಾನೆ. ಕುರುಡ ಕೂಡ ಅಂಥ ಪಾಸ್ ಕೊಡಲ್ಲ."

"ಸುಳ್ಳು! ಹೋದ ವರ್ಷ ಅವರ ಮೇಲೇ ಮೂರು ಗೋಲ್ ಹೊಡೆದ. ಅದ್ಯಾಕೆ ನುಂಗ್ತೀಯ?" ಅಂದ್ಳು ಮೈಕು.

"ಅದೊಂದು ಲೆಕ್ಕಕ್ಕಿಲ್ಲ. ಅವತ್ತು ಅವರ ಕಿಟ್ ಬ್ಯಾಗೇ ಬಂದಿರ್ಲಿಲ್ಲ. ಅಭ್ಯಾಸದ ಬಿಳಿ ಬನಿಯನ್ನಲ್ಲೇ ಆಡಿದ್ರು. ಆಟಗಾರರಿಗೇ ನಾಚಿಕೆ, ಆಡೋ ಮನಸ್ಸೇ ಇರ್ಲಿಲ್ಲ ಅವರಿಗೆ."

ಗೀರಕ್ಕನ ಬೆರಳು ಬಟ್ಟೆ ಮೇಲೇ ನಿಂತುಬಿಡ್ತು.

"ಏನಂದೆ?"

"ಆಡೋ ಮನಸ್ಸಿರ್ಲಿಲ್ಲ ಅಂದೆ."

"ಅಲ್ಲ. ಅದಕ್ಕೆ ಮುಂಚೆ."

"ಬಿಳಿ ಬನಿಯನ್..."

ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಗೆ ಬಂದಾಗಿತ್ತು. ಹಿಂದಿನಿಂದ ಅರ್ಧತಲೆ ಗಿರಾಕಿ "ಅಧ್ಯಕ್ಷರೇ, ಇನ್ನರ್ಧ ಈ ಸೀಸನ್ನಲ್ಲಿ ಆಗತ್ತಾ?" ಅಂತ ಕೇಳ್ತಿದ್ದಿದ್ದು ಮಾತ್ರ ಕಿವಿಗೆ ಬಿತ್ತು.

ರಸ್ತೆ ಬದಿ ನಿಂತೇ ಅಣ್ಣನಿಗೆ ಫೋನ್ ಮಾಡಿದ್ಳು.

"ಅಣ್ಣ, ಒಂದೇ ಪ್ರಶ್ನೆ. ಬಾಣ ಶೆಡ್ಡಿಗೆ ಬಂದಿದ್ನಾ?"

"ಯಾರು ಹೇಳಿದ್ದು ನಿಂಗೆ?"

"ಈಗ ನೀನೇ ಹೇಳ್ದಂಗಾಯ್ತು."

"ಲೇ, ಬೇಡ ಕಣೇ. ಮಾತು ಕೊಟ್ಟಿದ್ದೀನಿ."

"ಅವನಿಗೋಸ್ಕರ ನಿನ್ನ ಕೈ ಮುರಿಸ್ಕೊಳ್ತೀಯಾ?"

ಆ ಕಡೆ ಅಣ್ಣ ಅಂಗಡಿ ಶಟರ್ ಎಳೆದ ಸದ್ದು ಬಂತು. "ಮ್ಯಾಚಿಗೆ ಮುಂಚೆ ಒಂದು ಸಂಜೆ ಬಂದ. 'ಅಣ್ಣ, ಸಹಿ ಹಾಕೋ ದಿನ ಎಲ್ಲಾರಿಗೂ ಹೇಳ್ತೀನಿ, ನನ್ನ ಜೆರ್ಸಿ ನಾನೇ ಬಳಿದಿದ್ದು ಅಂತ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ' ಅಂದ. ನಾನೂ ಎಳೆ ಮಗು ಥರ ಹಿಗ್ಗಿಹೋದೆ. ಡಬ್ಬ ತೋರಿಸಿ, ಕೀ ಕೊಟ್ಟು ಬಂದೆ. ಬೆಳಿಗ್ಗೆ ನೋಡಿದ್ರೆ ಪಟ್ಟಿ ಸುತ್ತಿಟ್ಟಿದ್ದ, ಅಚ್ಚುಕಟ್ಟಾಗಿ. ಬೇಕಂತಲೇ ಮಾಡ್ದ ಕಣೇ. ನನ್ನ ಬ್ರಷ್ಷಲ್ಲೇ ನನ್ನ ಮುಖಕ್ಕೆ ಬಳಿದು ಹೋದ."

"ಬೇಕಂತ ಮಾಡಿಲ್ಲ ಅಂದ್ರೆ?"

"ಹಸಿರು ಅದಾಗೇ ಬಂದು ಕೂತ್ಕೊಳ್ತಾ?"

"ಸಭೇಲಿ ನಾನು ಬರೋವರೆಗೂ ಬಾಯಿ ಬಿಡ್ಬೇಡ," ಅಂದು ಇಟ್ಟುಬಿಟ್ಳು.

ಬಾಣ ಎಲ್ಲಿ ಸಿಗ್ತಾನೆ ಅಂತ ಅವಳಿಗೆ ಗೊತ್ತಿತ್ತು. ಮೊನ್ನೆ ಯಾರೋ ಅವನ ಕಾರಿಗೆ ಬಣ್ಣ ಎರಚಿದ್ರು. ಕ್ಲೇಮು ಇವಳ ಆಫೀಸಿಗೇ ಬಂದಿತ್ತು. ಸಹೋದ್ಯೋಗಿಯ ಕೈಕಾಲು ಹಿಡ್ದು ಆ ಕೇಸನ್ನ ತನಗೆ ಹಾಕಿಸ್ಕೊಂಡಿದ್ಳು. ಇವತ್ತು ಮಧ್ಯಾಹ್ನ ಗ್ಯಾರೇಜಲ್ಲಿ ಗಾಡಿ ತೋರಿಸ್ಬೇಕು ಅಂತ ಅವನಿಗೆ ಹೇಳಿ ಕಳಿಸಿದ್ದೂ ಇವಳೇ.

ಗ್ಯಾರೇಜಲ್ಲಿ ಗ್ರೀಸು, ಹಳೇ ರಬ್ಬರು, ಬಿಸಿ ತಗಡಿನ ವಾಸನೆ. ಗ್ಯಾರೇಜ್ ಮಾಮ ಒಂದು ಗಾಡಿ ಕೆಳಗೆ ತೂರಿದ್ದ, ಚಪ್ಪಲಿ ಮಾತ್ರ ಹೊರಗಿತ್ತು. ಬಾಣ ಟೋಪಿ ಹುಬ್ಬಿನವರೆಗೂ ಎಳ್ಕೊಂಡು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ತಾ ನಿಂತಿದ್ದ. ಮೈದಾನದಲ್ಲಿ ಆಳೆತ್ತರ ಕಾಣೋ ಮನುಷ್ಯ. ಇಲ್ಲಿ ನೋಡಿದ್ರೆ ಯಾರ ಮನೆ ಬಾಗಿಲಲ್ಲೋ ಬೈಸ್ಕೊಳ್ಳೋಕೆ ಕಾಯ್ತಿರೋ ಹುಡುಗನ ಥರ.

"ಬೇಗ ಮುಗ್ಸಿ ಅಕ್ಕ. ಯಾರಾದ್ರೂ ನೋಡಿದ್ರೆ ಕಷ್ಟ."

ಗೀರಕ್ಕ ಪೆನ್ ತೆಗೆದ್ಳು. ಬಿಳೀ ಕಾರಿನ ಬಾನೆಟ್ ಮೇಲೆ ಡಬ್ಬಗಟ್ಟಲೆ ಸುರಿದ ಬಣ್ಣ, ಹೆಪ್ಪುಗಟ್ಟಿ, ದಟ್ಟ ಹಸಿರು. ಅದರ ಮುಂದೆ ನಿಂತು, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದ್ಳು.

"ಎರಚಿದ್ದು ಯಾವ ಬಣ್ಣ? ನಿಮ್ಮ ಬಾಯಿಂದಾನೇ ಹೇಳ್ಬೇಕು, ನಿಯಮ."

ಬಾಣ ಬಾನೆಟ್ ನೋಡ್ದ. ಒಂದು ಕ್ಷಣ. "ಕೆಂಪು. ಇನ್ನೇನಿರತ್ತೆ, ಎರಚಿದೋರು ನಮ್ಮೋರೇ ತಾನೇ."

ಗಾಡಿ ಕೆಳಗಿಂದ ಮಾಮ ಖೊಕ್ ಅಂತ ನಕ್ಕ. "ಕೆಂಪಂತೆ! ನಿನ್ನ ಬಾಳು ಇಷ್ಟು ಹಸಿರಾಗಿರೋವಾಗ್ಲೂ ತಮಾಷೆ ಮಾಡ್ತೀಯಲ್ಲಪ್ಪ, ಗಟ್ಟಿ ಆಸಾಮಿ!"

ಬಾಣನೂ ನಕ್ಕ. ಆದ್ರೆ ಸ್ವಲ್ಪ ತಡವಾಗಿ. ಎಲ್ಲಾರೂ ನಕ್ಕಿದ್ಮೇಲೆ ನಗೋನ ನಗು ಅದು. ಇಷ್ಟು ವರ್ಷ ಅವನು ಹೀಗೇ ನಕ್ಕೊಂಡು ಬಂದಿರ್ಬೇಕು ಅನ್ನಿಸ್ತು ಗೀರಕ್ಕನಿಗೆ.

"ಮಾಮ, ಮೂರು ಚಹಾ ತರ್ತೀರಾ?"

"ಕಂಪನಿ ಖರ್ಚಾ?"

"ಕಂಪನಿದೇ, ಹೋಗಿ."

ಚಪ್ಪಲಿ ಸದ್ದು ದೂರ ಆಯ್ತು. ಗೀರಕ್ಕ ಪೆನ್ ಮುಚ್ಚಿದ್ಳು.

"ಹುಲ್ಲು ಚೆನ್ನಾಗಿ ಬರೆದಿದ್ದೀರ."

"ಯಾವ ಹುಲ್ಲು?"

"ಬ್ಯಾನರಿನದ್ದು. ಎಳೆ ಎಳೆಯಾಗಿ. ಕೆಂಪು ಹುಲ್ಲು."

ಬಾಣನ ಮುಖದಿಂದ ನಗು ಜಾರಿ ಬಿತ್ತು. ಬಾಗಿಲು ನೋಡ್ದ, ಅವಳನ್ನ ನೋಡ್ದ, ಮತ್ತೆ ಬಾಗಿಲು. ಆಮೇಲೆ ಪೇರಿಸಿಟ್ಟಿದ್ದ ಟೈರುಗಳ ಮೇಲೆ ಕೂತುಬಿಟ್ಟ.

"ಯಾರ್ಯಾರಿಗೆ ಗೊತ್ತು?"

"ಸದ್ಯಕ್ಕೆ ನಮ್ಮಿಬ್ಬರಿಗೆ."

"ಪೇಂಟರಣ್ಣಂಗೆ?"

"ನೀವು ಬೇಕಂತಲೇ ಮೋಸ ಮಾಡಿದ್ರಿ ಅಂತ ತಿಳ್ಕೊಂಡಿದ್ದಾನೆ. ಆದ್ರೂ ಕೊಟ್ಟ ಮಾತಿಗೆ ಬಾಯಿ ಹೊಲ್ಕೊಂಡು ಕೂತಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ತಪ್ಪು ತನ್ನದೇ ಅಂತ ಹೇಳೋಕೆ ಹೊರಡ್ತಾನೆ."

ಬಾಣ ಎರಡೂ ಕೈಲಿ ಮುಖ ಉಜ್ಜಿಕೊಂಡ. "ಬಲಗಡೆ ಡಬ್ಬ ಜೆರ್ಸಿಗೆ, ಎಡಗಡೆದು ಹುಲ್ಲಿಗೆ ಅಂದಿದ್ರು ಅಣ್ಣ. ನಂಗೆ ಅಷ್ಟು ಸಾಕು ಅಕ್ಕ. ಜೀವನ ಪೂರ್ತಿ ಹಾಗೇ ಬದುಕಿರೋದು. ಸಿಗ್ನಲ್ಲಲ್ಲಿ ಮೇಲಿದ್ದದ್ದು ನಿಲ್ಲು, ಕೆಳಗಿದ್ದದ್ದು ಹೋಗು. ಆದ್ರೆ ಲೈಟು ಬೆನ್ನಿಗಿತ್ತು, ನನ್ನ ನೆರಳೇ ಬಟ್ಟೆ ಮೇಲೆ ಬೀಳ್ತಿತ್ತು. ಸುತ್ತಿ ಹೋಗಿ ಆ ಕಡೆ ಕೂತೆ."

"ಡಬ್ಬ ಎತ್ಕೊಂಡು ಹೋಗ್ಲಿಲ್ಲ."

"ಇಲ್ಲ. ಡಬ್ಬ ಇದ್ದಲ್ಲೇ ಇದ್ವು. ನಾನು ತಿರುಗಿದೆ, ಬಲ ಎಡ ಆಯ್ತು." ನಗೋಕೆ ನೋಡ್ದ, ಆಗ್ಲಿಲ್ಲ. "ಬ್ಯಾನರ್ ಎದ್ದಾಗ ಎಷ್ಟು ಖುಷಿ ಆಯ್ತು ಗೊತ್ತಾ? ನಾನು ಬಳಿದಿದ್ದು ಅಷ್ಟೆತ್ತರಕ್ಕೆ ನಿಂತಿದೆ. ಜನ ಕೂಗಿದ್ರು. ಹೊಗಳ್ತಿಲ್ಲ ಅಂತ ಗೊತ್ತಾಗೋಕೇ ಸ್ವಲ್ಪ ಹೊತ್ತಾಯ್ತು. ಗೋಲ್‌ಕೀಪರ್‌ನ ಕೇಳ್ದೆ, ಏನೋ ಆಯ್ತು ಅಂತ. ನಿಂಗೆ ಹಸಿರು ತೊಡಿಸಿದ್ದಾರಲ್ಲೋ ಅಂದ."

"ಹೇಳಿಬಿಡೋದಲ್ವಾ ಅವತ್ತೇ? ತಪ್ಪಾಯ್ತು, ನನ್ನ ಕಣ್ಣಿಗೆ ಕೆಂಪು ಹಸಿರು ಒಂದೇ ಥರ ಕಾಣತ್ತೆ ಅಂತ. ಜನ ತಲೆ ಮೇಲೆ ಹೊತ್ಕೊಂಡು ಕುಣೀತಿದ್ರು."

"ಒಂದು ದಿನ ಕುಣೀತಾರೆ." ಬಾಣನ ದನಿ ಗಟ್ಟಿಯಾಯ್ತು. "ಮಾರನೇ ದಿನದಿಂದ ಪ್ರತಿಯೊಂದು ಟೀಮೂ ನಮ್ಮ ಮೇಲೆ ಹಸಿರಲ್ಲೇ ಬರತ್ತೆ. ಆಮೇಲೆ ನಾನು ಮೈದಾನದಲ್ಲಿ ಕತ್ತಲೆ ಕೋಣೇಲಿ ಇಲಿ ಹಿಡಿದಂಗೆ. ಕಾಂಟ್ರಾಕ್ಟಿಗೆ ಯಾಕೆ ಸಹಿ ಹಾಕಿಲ್ಲ ಅಂತೀರ? ದುಡ್ಡಿಗಾ? ಬ್ಯಾನರ್ ಬಳಿದಾಗ ಹಾಕೋಣ ಅಂತಾನೇ ಇದ್ದೆ, ಆಮೇಲೆ ಹೊಸ ಡಾಕ್ಟ್ರು ಬಂದ್ರು. ಸಹಿಗೆ ಮುಂಚೆ ಕಣ್ಣಿನ ಪರೀಕ್ಷೆ ಕಡ್ಡಾಯ. ನದಿಯಾಚೆಯವರು ಮಂಡಿ ನೋಡ್ತಾರೆ, ಎದೆ ನೋಡ್ತಾರೆ, ಕಣ್ಣು ನೋಡಲ್ಲ."

"ಅಲ್ಲಿಗೆ ಹೋದ್ರೆ ಇಲ್ಲಿಯೋರು ದ್ರೋಹಿ ಅಂತಾರೆ."

"ಅನ್ಲಿ. ದ್ರೋಹಿಗೆ ಇನ್ನೊಂದು ಕ್ಲಬ್ ಸಿಗತ್ತೆ ಅಕ್ಕ. ಕುರುಡನಿಗೆ ಸಿಗಲ್ಲ."

ಗೀರಕ್ಕನಿಗೆ ರೇಗಿತು. 'ನೀವು' ಅನ್ನೋದು ಬಾಯಿಂದ ಹಾರಿಹೋಯ್ತು. "ನಿನ್ನ ಗುಟ್ಟು ನಿಂಗೆ ದೊಡ್ಡದು, ಒಪ್ಕೊಂಡೆ. ನಮ್ಮಣ್ಣ ಏನು ಮಾಡಿದ್ದ? ನಿನ್ನ ನಂಬಿ ಕೀ ಕೊಟ್ಟ. ಅವನ ಕೈಗೆ ಏನಾದ್ರೂ ಆದ್ರೆ ಅದಕ್ಕೆ ಯಾವ ಕ್ಲಬ್ ಸಿಗತ್ತಪ್ಪ?"

ಬಾಣ ತಲೆ ತಗ್ಗಿಸ್ದ.

"ನನ್ನ ತಮ್ಮ ಒಬ್ಬ ಇದ್ದಾನೆ," ಅಂದ ನಿಧಾನಕ್ಕೆ. "ನನಗಿಂತ ಚೆನ್ನಾಗಿ ಆಡ್ತಾನೆ. ಮುಂದಿನ ತಿಂಗಳು ಟ್ರಯಲ್. ಅವನ ಕಣ್ಣೂ ಇದೇ ಕಣ್ಣು, ಅಮ್ಮನ ಕಡೆಯಿಂದ ಬಂದಿದ್ದು. ನನ್ನ ವಿಷಯ ಬಯಲಾದ್ರೆ ಅವನನ್ನ ಬಾಗಿಲಲ್ಲೇ ನಿಲ್ಸಿ ಕಣ್ಣು ನೋಡ್ತಾರೆ. ನಿಮಗೆ ನಿಮ್ಮಣ್ಣ ಹೇಗೋ, ನಂಗೆ ಅವನು."

ಹೊರಗೆ ಯಾರೋ ಲಾರಿ ರಿವರ್ಸ್ ತಗೊಳ್ತಿದ್ರು, ಬರ್ಲಿ ಬರ್ಲಿ ಅಂತ ಕೂಗು.

"ನಾನು ಮಾತು ಕೊಡಲ್ಲ," ಅಂದ್ಳು ಕೊ‌ನೆಗೆ. "ನಮ್ಮ ಮನೇಲಿ ಒಬ್ಬರು ಮಾತು ಕೊಟ್ಟಿದ್ದೇ ಸಾಕಾಗಿದೆ."

"ಬೇಡ. ಕೇಳ್ತಾನೂ ಇಲ್ಲ." ಬಾಣ ಎದ್ದ, ಟೋಪಿ ಸರಿ ಮಾಡ್ಕೊಂಡ. "ಸಂಜೆ ನಾನೂ ಸಭೆಗೆ ಬರ್ತೀನಿ. ಪೇಂಟರಣ್ಣನ ಮೈಮೇಲೆ ಒಂದು ಹನಿ ಮಸಿ ಉಳಿಯಲ್ಲ. ಅಷ್ಟು ಮಾತ್ರ ನಂಬಿ."

ಮಾಮ ಚಹಾ ತಂದಾಗ ಅವನು ಹೋಗಾಗಿತ್ತು. "ಒಂದು ಚಹಾ ದಂಡ," ಅಂತ ಮಾಮ ಎರಡನ್ನೂ ತಾನೇ ಕುಡ್ದ.

ಸಂಜೆ ಗ್ಯಾಲರೀಲಿ ನಿಂತ್ಕೊಳ್ಳೋಕೆ ಜಾಗ ಇರ್ಲಿಲ್ಲ. ಮ್ಯಾಚಿಲ್ಲದ ಮೈದಾನ, ಆದ್ರೂ ಅರ್ಧ ಜನ ಕೆಂಪು ಶಾಲು ಸುತ್ಕೊಂಡು ಬಂದಿದ್ರು. ಕೂತೋರು ಏಳ್ತಿದ್ರು, ಎದ್ದೋರು ಕೂರ್ತಿದ್ರು. "ಮಾರಿಬಿಡಿ!" "ಯಾರಪ್ಪಂದು ಮಾರೋಕೆ?" "ಮೊದ್ಲು ಪೇಂಟರಿಗೆ ನಾಲ್ಕು ಬಿಡಿ!" ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳ್ತಿತ್ತು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರಲ್ಲ, ಇಲ್ಲಿ ಕಂಡಿದ್ದೆಲ್ಲ ಹಸಿರು.

ಅಣ್ಣ ಕೆಳಗಡೆ ಮೆಟ್ಟಿಲಲ್ಲಿ ಒಬ್ಬನೇ ನಿಂತಿದ್ದ. ಸುತ್ತ ಯಾರೂ ಕೂತಿರ್ಲಿಲ್ಲ. ಒಗೆದ ಶರ್ಟ್ ಹಾಕ್ಕೊಂಡು ಬಂದಿದ್ದ, ಅದು ಮೇಲೆ ಕಂಬದ ಪಕ್ಕ ನಿಂತಿದ್ದ ಗೀರಕ್ಕನಿಗೂ ಕಾಣ್ತು.

ಅಧ್ಯಕ್ಷ ಕೈ ಎತ್ತಿದ. "ಪೇಂಟರ್, ಹೇಳಪ್ಪ. ಏನು ಹೇಳ್ಬೇಕೋ ಹೇಳು."

ಅಣ್ಣ ಗಂಟಲು ಸರಿ ಮಾಡ್ಕೊಂಡ. ಬಾಯಿ ತೆರೆದ.

"ಅಲ್ನೋಡ್ರೋ!" ಅಂತ ಮೇಲಿಂದ ಯಾರೋ ಕಿರುಚಿದ್ರು.

ಖಾಲಿ ಮೈದಾನದ ನಟ್ಟನಡುವೆ ಬಾಣ ನಡ್ಕೊಂಡು ಬರ್ತಿದ್ದ. ಟೋಪಿ ಇಲ್ಲ, ಕೈ ಬೀಸೋದಿಲ್ಲ, ಆ ಕಡೆ ಈ ಕಡೆ ನೋಡೋದಿಲ್ಲ. ಬಂದ, ಅಣ್ಣನ ಪಕ್ಕ ನಿಂತ, ತಲೆ ಎತ್ತಿದ.

"ಪೇಂಟರಣ್ಣಂದು ಏನೂ ತಪ್ಪಿಲ್ಲ. ಜೆರ್ಸಿ ಬಳಿದಿದ್ದು ನಾನು. ಬೇಕಂತಲೇ ಬಳಿದೆ. ನಂಗೆ ಹಸಿರು ಜೆರ್ಸಿ ಬೇಕು, ನಾಳೆ ಹಾಕ್ಕೊಳ್ತೀನಿ. ಏನು ಬೈಬೇಕೋ ನನ್ನ ಬೈರಿ."

ಎದ್ದು ನಿಂತಿದ್ದೋರು ಒಬ್ಬೊಬ್ಬರಾಗಿ ಕೂತ್ರು.

ಗೀರಕ್ಕ ಅವನು ಸತ್ಯ ಹೇಳೋಕೆ ಬರ್ತಾನೆ ಅಂದ್ಕೊಂಡಿದ್ಳು, ಈ ಪಾಪಿ ಇಂಥ ಸುಳ್ಳು ಹೊತ್ಕೊಂಡು ಬರ್ತಾನೆ ಅಂತ ಯಾರಿಗೆ ಗೊತ್ತಿತ್ತು!

ಮೊದಲು ಸದ್ದು ಬಂದಿದ್ದು ಮೈಕಿಂದ. ಕೂಗಲ್ಲ. ಅಳು. ಅಷ್ಟು ದೊಡ್ಡ ಗಂಟಲಿಂದ ಅಷ್ಟು ಸಣ್ಣ ಅಳು. ಕತ್ತಿನ ಶಾಲು ಬಿಚ್ಚಿ ಬಾಣನ ಕಾಲ ಹತ್ರ ಎಸೆದ್ಳು. ಆಮೇಲೆ ಶುರುವಾಯ್ತು ನೋಡಿ. ಶಾಲಿನ ಮೇಲೆ ಶಾಲು, ಬೈಗುಳದ ಮೇಲೆ ಬೈಗುಳ, ಒಂದು ನೀರಿನ ಬಾಟ್ಲಿ ಬಾಣನ ಭುಜಕ್ಕೆ ಬಡೀತು. ಅವನು ಅಲ್ಲಾಡ್ಲಿಲ್ಲ. ಇತ್ತ, "ಕೈ ಮುರೀತೀವಿ" ಅನ್ನೋಕೂ ಹೇಸದ ಗುಂಪಿನಿಂದಾನೇ ಒಬ್ಬ ಬಂದು ಅಣ್ಣನ ಬೆನ್ನು ತಟ್ಟಿದ. "ತಪ್ಪಾಯ್ತು ಪೇಂಟರಣ್ಣ, ಮನಸ್ಸಲ್ಲಿಟ್ಕೋಬೇಡಿ." ಇನ್ನೊಬ್ಬ ಕೈ ಕುಲುಕಿದ. ಕಣ್ಮುಚ್ಚಿ ತೆಗೆಯೋದ್ರೊಳಗೆ ಅಣ್ಣ ಬಿಡುಗಡೆ ಆಗಿದ್ದ. ಬೆಳಗಿಂದ ಅವಳು ಬೇಡ್ಕೊಂಡಿದ್ದು ಅದೇ ತಾನೇ?

ಆದ್ರೆ ಅಣ್ಣನ ಮುಖದಲ್ಲಿ ಒಂದು ತೊಟ್ಟು ನೆಮ್ಮದಿ ಇರ್ಲಿಲ್ಲ. ಬಾಣನ್ನೇ ನೋಡ್ತಿದ್ದ. ಬಣ್ಣ ಸರಿ ಕೂತಿದೆಯಾ ಇಲ್ವಾ ಅಂತ ಬೋರ್ಡ್ ನೋಡ್ತಾನಲ್ಲ, ಹಾಗೆ. ಆಮೇಲೆ ತಿರುಗಿ, ಅಷ್ಟು ಗುಂಪಲ್ಲಿ ತಂಗೀನ ಹುಡುಕಿ, ಅವಳ ಮೇಲೆ ಕಣ್ಣು ನಿಲ್ಸಿದ.

ಅಧ್ಯಕ್ಷನೂ ಆ ಕಡೆಗೇ ತಿರುಗಿದ. ಎರಡೂ ಕೈ ಎತ್ತಿ ಗದ್ದಲ ಅಡಗಿಸಿದ.

"ತಡೀರಿ, ತಡೀರಿ! ಬಾಣ, ನಿನ್ನ ಬಾಯಿ ಮಾತಿಗೆ ಈಗ ಬೆಲೆ ಇಲ್ಲ. ಗೀರಕ್ಕ, ಇದರ ಬೆನ್ನು ಹತ್ತಿ ಓಡಾಡಿದೋಳು ನೀನು. ನಿನ್ನ ಮಾತು ನಾವೆಲ್ಲ ನಂಬ್ತೀವಿ. ಹೇಳಮ್ಮ, ಇವನು ಬೇಕಂತಲೇ ಮಾಡಿದ್ದಾ?"

ಸಾವಿರ ಮುಖ ಅವಳ ಕಡೆ ತಿರುಗಿದ್ವು. ಬಾಣ ಅವಳನ್ನ ನೋಡ್ದ, ತಲೆ ಅಲ್ಲಾಡಿಸ್ದ, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ. ಬೇಡ.

ಅಣ್ಣ ಮೆಟ್ಟಿಲು ಹತ್ತಿ ಹತ್ರ ಬಂದ. ಅವಳೊಬ್ಬಳಿಗೆ ಕೇಳೋ ಹಾಗೆ ಅಂದ, "ನೀನು ಹೌದು ಅಂದ್ರೆ ಇವನ ಮುಖ ಇನ್ನು ಜನ್ಮದಲ್ಲಿ ನೋಡಲ್ಲ ಕಣೇ. ಆದ್ರೆ ಸುಳ್ಳು ಮಾತ್ರ ಹೇಳ್ಬೇಡ."

ಹೌದು ಅಂದ್ರೆ ಪ್ರೀತಿಯಿಂದ ಬಳಿದ ಕೈಗೆ ದ್ರೋಹದ ಪಟ್ಟ. ಇಲ್ಲ ಅಂದ್ರೆ ಇನ್ನೂ ಮೈದಾನಕ್ಕೆ ಕಾಲೇ ಇಡದ ಒಬ್ಬ ತಮ್ಮನ ಮುಖಕ್ಕೆ ಬಾಗಿಲು.

ಅವಳು ಬಾಯಿ ತೆರೆದ್ಳು.

ಹೇಳಿ, ನೀವಾಗಿದ್ರೆ ಏನಂತಿದ್ರಿ?